ಪಗಾರಕ್ಕೆ ಮೂರು ತಪ್ಪು, ಪುಕ್ಕಟೆ ಒಂದು

ಇದನ್ನು ಬರೆಯಬೇಕೆಂದು ಕುಳಿತಾಗಲೆಲ್ಲ ನನಗೆ ಬೇರೇನೋ ಕೆಲಸ ನೆನಪಾಗುತ್ತದೆ. ಒಂದು ಸಲ ಬಚ್ಚಲ ಮೋರಿ ಸರಿಮಾಡಿದೆ. ಇನ್ನೊಂದು ಸಲ, ಚೆನ್ನಾಗಿಯೇ ಇದ್ದ ಕಟ್ಟೆಗೆ ಹೊಸ ಗಿಲಾವು ಬಳಿದೆ. ಮನೆಯಲ್ಲಿ ಮುಚ್ಚಲು ಒಂದು ಬಿರುಕೂ ಉಳಿಯದಾದಾಗ ನನ್ನ ಹೆಂಡತಿ, “ಇನ್ನ ಬಾಜೂ ಮನಿಯವ್ರ ಗ್ವಾಡಿ ಹಿಡೀರಿ, ಬರಿಯೂದು ತಪ್ಪತೈತಿ” ಅಂದಳು. ಹೀಗೆ ಮುಂದೂಡುತ್ತ ವರ್ಷಗಳೇ ಹೋದವು. ಇವತ್ತು ಅವಳು ತವರಿಗೆ ಹೋಗಿದ್ದಾಳೆ, ನೆಪ ಕೇಳುವವರು ಯಾರೂ ಇಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಗೌಂಡಿ. ಹತ್ತನೆಯ ತರಗತಿ ಪಾಸಾಗಿ ಕರಣೆ ಹಿಡಿದವನು. ಅಣ್ಣಿಗೇರಿ ಸುತ್ತಿನ ಕಪ್ಪು ಎರಿ ಭೂಮಿಯಲ್ಲಿ ಯಾವ ಮನೆ ಸೀಳಿದೆ, ಯಾವುದು ಸೀಳಿಲ್ಲ ಎಂದು ನೋಡಹೋದರೆ ಎರಡೂ ಬಗೆಯಲ್ಲಿ ನನ್ನ ಕೈ ಇದೆ. ವಯಸ್ಸಾಯಿತೆಂದು ಕೆಲಸ ಬಿಡುವ ಹೊತ್ತಿಗೆ ನಮ್ಮೂರ ಶಾಲೆಗೆ ಒಂದು ಕೆಲಸ ಬಂತು. ನೀರಿನ ಟಾಕಿ ಕೂರಿಸಲು ನಾಲ್ಕು ಕಾಲಮ್ಮಿನ ಅಟ್ಟಣಿಗೆ. ಖರ್ಚು ಹುಬ್ಬಳ್ಳಿ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನದು, ದುಡಿಮೆ ನಮ್ಮದು, ಮೇಲ್ವಿಚಾರಣೆ ಆ ಕಾಲೇಜಿನ ಐದು ಮಂದಿ ವಿದ್ಯಾರ್ಥಿಗಳದು.

ಕೆಲಸ ಶುರುವಾಗುವ ಮೊದಲು ಅವರಿಗೆ ಪಾಠ ಮಾಡುವ ಮೇಡಂ ಒಬ್ಬರೇ ನಮ್ಮ ಮನೆಗೆ ಬಂದರು. ಚಹಾ ಕುಡಿದು, ಬಾಗಿಲ ಕಡೆ ಒಮ್ಮೆ ನೋಡಿ, ದನಿ ಇಳಿಸಿದರು.

“ನಮ್ಮ ಹುಡುಗರಿಗೆ ನೀತಿಶಾಸ್ತ್ರದ ಪೇಪರ್ ಐತ್ರಿ ಅಜ್ಜಾರ. ‘ಸೈಟಿನ್ಯಾಗ ಸಿಮೆಂಟ್ ಕಡಿಮಿ ಹಾಕಿದ್ರ ಏನ್ ಮಾಡ್ತೀ’ ಅಂತ ಕೇಳಿದ್ರ ಎಲ್ಲಾರೂ ‘ಕೆಲಸ ತಡೀತೀನಿ’ ಅಂತ ಬರೀತಾರ.”

“ಛಲೋ ಆತಲ್ರಿ.”

“ಸೈಟಿಗೆ ಹೋದ್ರ ಒಬ್ಬರೂ ತಡಿಯೂದಿಲ್ಲರಿ. ಯಾಕ ಅಂತ ನಾ ನೋಡಬೇಕಾಗೇತಿ. ಅದಕ್ಕ ನೀವು ನನಗಾಗಿ ಮೂರು ತಪ್ಪು ಮಾಡಬೇಕು.”

ನಾನು ಚಹಾದ ಕಪ್ಪು ಕೆಳಗಿಟ್ಟೆ. ಅವರು ಬಿಡಿಸಿ ಹೇಳಿದರು. ಕಾಲೇಜಿನ ಸಮಿತಿ ಒಪ್ಪಿಗೆ ಕೊಟ್ಟಿದೆ. ಈ ಪಾಠದಲ್ಲಿ ಎಲ್ಲೋ ಒಂದು ಕಡೆ ಪರೀಕ್ಷೆ ಇರುತ್ತದೆ, ಏನೆಂದು ಮುಗಿದ ಮೇಲೆ ಹೇಳುತ್ತೇವೆ ಎಂದು ಹುಡುಗರಿಗೂ ತಿಳಿಸಿದ್ದಾರೆ. ತಪ್ಪು ಯಾವಾಗ, ಯಾವುದು ಎಂಬುದು ನಮ್ಮಿಬ್ಬರಿಗೇ ಗೊತ್ತಿರಬೇಕು. ಹುಡುಗರು ಹಿಡಿಯಲಿ ಬಿಡಲಿ, ಮರುದಿನ ನಾನೇ ಅದನ್ನು ಸರಿಮಾಡಬೇಕು. ಯಾವ ತಪ್ಪೂ ಕಾಂಕ್ರೀಟಿನೊಳಗೆ ಹೋಗಕೂಡದು. ಯಾರಾದರೂ ತಡೆದರೆ ನಾನು ತಕ್ಷಣ ಒಪ್ಪಿಕೊಳ್ಳಬಾರದು, ನಿಜವಾದ ಗೌಂಡಿ ಹೇಗೆ ವಾದ ಮಾಡುತ್ತಾನೋ ಹಾಗೆ ಮಾಡಬೇಕು. ಪಗಾರ ಬೇರೆ.

ಮೇಡಂ ಹೋದ ಮೇಲೆ ಹೆಂಡತಿ ಒಳಗಿಂದ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು.

“ಇಷ್ಟ ವರ್ಷ ಪುಕ್ಕಟ ಮಾಡೀರಿ. ದೇವರು ಕಣ್ಣು ಬಿಟ್ಟ, ಈಗರೆ ಪಗಾರ ಬರತೈತಿ.”

ಮೊದಲನೆಯ ತಪ್ಪು ಪಾಯದ್ದು. ನಮ್ಮ ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಅದನ್ನು ದಾಟಿ ಕೆಳಗಿನ ಗಟ್ಟಿ ಗರಸು ಸಿಗುವವರೆಗೆ ಅಗೆಯಬೇಕು. ನಾನು ಎರಿ ಇರುವಾಗಲೇ ಅಗೆತ ನಿಲ್ಲಿಸಿ, “ಸಾಕು, ನಾಳೆ ಬೆಡ್ ಹಾಕೂಣು” ಅಂದೆ. ಐವರೂ ಕುಣಿಯ ಸುತ್ತ ನಿಂತಿದ್ದರು. ನಾನು ಟೇಪು ಇಳಿಬಿಟ್ಟು ಆಳವನ್ನು ಜೋರಾಗಿ ಓದಿದೆ. ಅವರ ಕೈಯಲ್ಲಿದ್ದ ನಕಾಶೆಯಲ್ಲಿ ಅದಕ್ಕಿಂತ ಹೆಚ್ಚಿತ್ತು. ಒಬ್ಬ ನಕಾಶೆ ನೋಡಿದ, ನನ್ನ ಮುಖ ನೋಡಿದ, ನಕಾಶೆ ಮಡಚಿದ. ಕೊನೆಗೆ ಹಾರೆ ತೆಗೆದುಕೊಂಡು ತಳಕ್ಕೆ ಚುಚ್ಚಿದೆ. ಅದು ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು.

“ನೋಡ್ರಿ, ಎಷ್ಟ ಮೆತ್ತಗೈತಿ.”

“ಹೌದ್ರಿ ಅಜ್ಜಾರ, ಅಗದಿ ಛಲೋ ಐತಿ” ಅಂದ ಇನ್ನೊಬ್ಬ. ಇವನ ಕೈಯಲ್ಲಿ ಯಾವಾಗಲೂ ಮೊಬೈಲು ಇರುತ್ತಿತ್ತು. “ಹಾರಿ ಹಿಡಕೊಂಡು ಹಂಗ ನಿಂದರ್ರಿ, ಒಂದು ಫೋಟೋ.”

ಫೋಟೋ ತೆಗೆಸಿಕೊಂಡೆ. ಸಂಜೆ ಮೇಡಂ ಒಬ್ಬೊಬ್ಬರನ್ನೇ ಕರೆದು, ಇವತ್ತು ಏನೇನು ನೋಡಿದಿರಿ ಎಂದು ವಿಚಾರಿಸಿದರು. ಐವರಿಗೂ ಕುಣಿ ಕಡಿಮೆ ಆಳವಿದೆ ಎಂದು ಗೊತ್ತಿತ್ತು. ಮತ್ತೆ ಹೇಳಲಿಲ್ಲ ಏಕೆ? ಐವರದೂ ಹೆಚ್ಚುಕಡಿಮೆ ಒಂದೇ ಉತ್ತರ: “ನಮ್ಮಜ್ಜನ ವಯಸ್ಸಿನವ್ರು. ಅವ್ರಿಗೆ ಹೆಂಗ ಹೇಳೂದ್ರಿ?” ಮೇಡಮ್ಮಿಗೆ ಬೇಸರವಾಗಿರಬೇಕು ಎಂದುಕೊಂಡೆ. ಅವರ ಮುಖ ಬೆಳಗುತ್ತಿತ್ತು. “ಹೊರದೇಶದ ಪುಸ್ತಕದಾಗ ಇದು ಇಲ್ಲರಿ ಅಜ್ಜಾರ. ಅಲ್ಲಿ ಹುಡುಗರು ನೌಕರಿ ಹೋದೀತಂತ ಅಂಜ್ತಾರ. ನಮ್ಮವ್ರು ಹಿರೇರಿಗೆ ಎದರು ಮಾತಾಡಿದಂಗ ಆದೀತಂತ ಅಂಜ್ತಾರ.” ಮರುದಿನ ನಾನು ಕುಣಿಯನ್ನು ಗರಸಿನವರೆಗೆ ಅಗೆಸಿದೆ. ನಕಾಶೆ ಮಡಚಿದ ಹುಡುಗ ಕೇಳಿದ, “ನಿನ್ನೆ ಸಾಕು ಅಂದಿದ್ರಲ್ರಿ?”

“ನೆಲ ರಾತ್ರಿ ಮನಸ್ಸು ಬದಲಿಸೇತಿ ತಮ್ಮಾ.”

ಅದಕ್ಕೂ ಅವನು ‘ಹೌದ್ರಿ’ ಅಂದ.

ಎರಡನೆಯದು ಉಸುಕಿನದು. ಹಳ್ಳದ ಉಸುಕು, ಅರ್ಧ ಮಣ್ಣು, ಒಂದು ಟ್ರ್ಯಾಕ್ಟರ್ ತರಿಸಿ ಹಾಕಿಸಿದೆ. ಈ ಸಲ ಒಬ್ಬಳು ಹುಡುಗಿ ಮುಂದೆ ಬಂದಳು. ಸಂಶಿ ಎಂಬ ಊರಿನವಳು. ಮೊದಲ ದಿನವೆಲ್ಲ ದುಪಟ್ಟಾದ ತುದಿ ತಿರುವುತ್ತ ಹಿಂದೆ ನಿಂತಿದ್ದವಳು. ಉಸುಕನ್ನು ಅಂಗೈಯಲ್ಲಿ ತಿಕ್ಕಿದಳು, ತನ್ನ ನೀರಿನ ಬಾಟಲಿಗೆ ಒಂದಿಷ್ಟು ಸುರಿದು ಕುಲುಕಿದಳು, ಕಟ್ಟೆಯ ಮೇಲಿಟ್ಟು ಕಾದಳು. ಉಸುಕು ತಳಕ್ಕೆ ಕುಳಿತಿತು, ಅದರ ಮೇಲೆ ಮಣ್ಣು ದಪ್ಪಗೆ ಕೆನೆಗಟ್ಟಿತು.

“ಅಜ್ಜಾರ, ಇದರಾಗ ಮಣ್ಣು ಭಾಳ ಐತ್ರಿ. ಈ ಉಸುಕು ಬ್ಯಾಡ.”

ಒಳಗೊಳಗೇ ನನಗೆ ಕುಣಿಯುವಷ್ಟು ಖುಷಿ. ಆದರೆ ವಾದ ಮಾಡಬೇಕೆಂಬ ಕರಾರು. ಮೊದಲು ವಯಸ್ಸು ತೋರಿಸಿದೆ. “ನಾ ಕಟ್ಟಿದ ಮನಿಯಾಗ ನೀ ಹುಟ್ಟಿರಬೇಕು ತಂಗಿ.”

“ಹಂಗಾದ್ರ ಆ ಮನೀದೂ ಉಸುಕು ನೋಡಬೇಕಾತ್ರಿ.”

ಆಮೇಲೆ ಬಳಗ ತೆಗೆದೆ. ಸಂಶಿಯಲ್ಲಿ ಯಾರ ಪೈಕಿ, ಅಜ್ಜನ ಹೆಸರೇನು ಎಂದು ಕೇಳಿಕೊಂಡು, “ಯಪ್ಪಾ, ನಿಮ್ಮಜ್ಜ ಮತ್ತ ನಾ ಒಂದ ತಾಟಿನ್ಯಾಗ ಉಂಡವ್ರು” ಅಂದೆ. ಅವರನ್ನು ನಾನು ಕಂಡೇ ಇರಲಿಲ್ಲ.

“ನಮ್ಮಜ್ಜ ಹೊರಗ ನೀರೂ ಕುಡೀತಿರ್ಲಿಲ್ಲರಿ” ಅಂದಳು.

ಮೂರನೆಯ ವಾದ ನಮ್ಮ ಕಸುಬಿನ ಕೊನೆಯ ಅಸ್ತ್ರ. ಮಿರ್ಚಿ ಬಜಿ ತರಿಸಿದೆ, ಮೇಲೆ ಚಹಾ. ಬಜಿ ತಿಂದವರು ಬಾಯಿ ತೆಗೆಯುವುದಿಲ್ಲ ಎಂಬುದು ನನ್ನ ಅನುಭವ. ಆಕೆ ಎರಡು ತಿಂದು, ಕೈ ಒರೆಸಿಕೊಂಡು, “ಬಜಿ ಛಲೋ ಅದಾವ್ರಿ. ಉಸುಕು ವಾಪಸ್ ಕಳಸ್ರಿ” ಅಂದಳು. ಕಳಿಸಿದೆ. ಅವತ್ತು ಮೇಡಂ ಫೋನಿನಲ್ಲಿ ಯಾರಿಗೋ, “ಒಬ್ಬಾಕಿ ಹೇಳಿದಳು, ಒಬ್ಬಾಕಿ ಹೇಳಿದಳು” ಎಂದು ಎರಡೆರಡು ಸಲ ಅಂದದ್ದು ಈಗಲೂ ಕಿವಿಯಲ್ಲಿದೆ. ಆ ಇಡೀ ಪಾಠ ನಿಂತದ್ದು ಆ ಒಬ್ಬಳ ಮೇಲೆಯೇ.

ಒಬ್ಬಳು ಬಾಯಿ ತೆರೆದದ್ದೇ ಉಳಿದವರಿಗೂ ಧೈರ್ಯ ಬಂತು, ಆಮೇಲೆ ಅದು ಅಂಕೆ ತಪ್ಪಿತು. ಮೂರನೆಯ ತಪ್ಪು ಕಾಲಮ್ಮಿನ ರಿಂಗುಗಳದು. ಸಲಾಕಿಗಳ ಸುತ್ತ ಹತ್ತಿರ ಹತ್ತಿರ ಕಟ್ಟಬೇಕಾದ ರಿಂಗನ್ನು ದೂರ ದೂರ ಕಟ್ಟಿಸಿದ್ದೆ. ನಾನು ತಂತಿ ತಿರುವಿ ಮುಗಿಸುವುದರೊಳಗೆ ಐದು ಟೇಪು ಹೊರಬಂದವು. ಅಂದಿನಿಂದ ಅವರಿಗೆ ಎಲ್ಲವೂ ಪರೀಕ್ಷೆಯೇ. ನೀರಿನ ಡ್ರಮ್ಮಿನ ಹತ್ತಿರ ಆಕಳು ಏಕೆ ಕಟ್ಟಿದೆ, ಕೆಲಸದ ಹೆಂಗಸರು ಎಲೆ ಅಡಿಕೆ ಎಲ್ಲಿ ಉಗುಳುತ್ತಾರೆ, ಎಲ್ಲಕ್ಕೂ ತಕರಾರು. ಮೊಬೈಲಿನ ಹುಡುಗ ಚಹಾದ ಲೋಟ ಬೆಳಕಿಗೆ ಹಿಡಿದು, “ಇದರಾಗ ಹಾಲು ಕಡಿಮಿ ಐತಿ. ಇದೂ ಬೇಕಂತ ಮಾಡೀರೇನ್ರಿ ಅಜ್ಜಾರ?” ಅಂದ.

ನನ್ನ ಕರಾರು ಅಲ್ಲಿಗೆ ಮುಗಿದಿತ್ತು. ಮೂರು ತಪ್ಪು ಮಾಡಿ, ಮೂರೂ ತಿದ್ದಿದ್ದೆ. ನಾಲ್ಕನೆಯದು ಆದದ್ದು ಕಾಲಮ್ಮು ಹಾಕುವ ದಿನ.

ಅದಕ್ಕೆ ನಮ್ಮ ಕಸುಬಿನ ಒಂದು ಪದ್ಧತಿ ಹೇಳಬೇಕು. ಮನೆಯಲ್ಲಿ ಅಡಿಗೆಯಾದರೆ ಯಾರೂ ಉಣ್ಣುವ ಮೊದಲು ದೇವರಿಗೆ ಎಡಿ, ಅಂದರೆ ನೈವೇದ್ಯ, ತೆಗೆದಿಡುತ್ತೇವೆ. ಹೋಳಿಗೆಯ ಒಳ್ಳೆಯ ತುಂಡು, ತುಪ್ಪ ಹೆಚ್ಚು. ಸೈಟಿನಲ್ಲಿ ದೇವರು ಎಂದರೆ ಲ್ಯಾಬು. ಕಾಂಕ್ರೀಟು ಹಾಕುವ ದಿನ ಅದೇ ಮಾಲನ್ನು ಚೌಕ ಅಚ್ಚುಗಳಲ್ಲಿ ತುಂಬಿ ಕ್ಯೂಬು ಮಾಡಿ, ನೀರಿನಲ್ಲಿ ನೆನೆಸಿ ಲ್ಯಾಬಿಗೆ ಕಳಿಸಬೇಕು. ಅಲ್ಲಿ ಅದನ್ನು ಒತ್ತಿ ಒಡೆದು ಎಷ್ಟು ಗಟ್ಟಿ ಎಂದು ಹೇಳುತ್ತಾರೆ. ಕ್ಯೂಬು ಗಟ್ಟಿಯಾದರೆ ಕಾಲಮ್ಮೂ ಗಟ್ಟಿ ಎಂದು ಲೆಕ್ಕ. ಆದ್ದರಿಂದ ನಾವು ಮೊದಲು ಒಂದು ಬುಟ್ಟಿ ಮಾಲನ್ನು ಬೇರೆ ತೆಗೆದು, ಅದಕ್ಕೆ ಒಂದೆರಡು ಬೊಗಸೆ ಸಿಮೆಂಟು ಹೆಚ್ಚಿಗೆ ಬೆರೆಸಿ, ಕ್ಯೂಬಿಗೆಂದು ಇಡುತ್ತೇವೆ. ಅದಕ್ಕೆ ನಮ್ಮಲ್ಲಿ ‘ಎಡಿ’ ಎಂದೇ ಹೆಸರು. ಎಡಿ ತೆಗೆದ ಮೇಲೆ ಉಳಿದ ಮಾಲಿಗೆ ಕೈ ಆಡುವ ಹಾಗೆ ನೀರು ಬಿಡುವುದೂ ಪದ್ಧತಿಯೇ. ನೀರು ಹೆಚ್ಚಾದರೆ ಕಾಂಕ್ರೀಟು ಸೊರಗುತ್ತದೆ, ಆದರೆ ಸುರಿಯಲು ಸಲೀಸು. ಯಾವತ್ತೂ ಇದನ್ನು ಮೋಸ ಎಂದು ನಾವು ಅಂದುಕೊಂಡಿಲ್ಲ. ದೇವರಿಗೆ ತುಪ್ಪ ಹಾಕಿದ್ದನ್ನು ಯಾರು ಮೋಸ ಅನ್ನುತ್ತಾರೆ?

ಅವತ್ತು ಮೇಡಂ ಸೈಟಿನಲ್ಲಿಯೇ ಇದ್ದರು, ಮಾಲು ಸರಿಯಾಗಿತ್ತು, ನನಗೆ ಯಾವ ದುರುದ್ದೇಶವೂ ಇರಲಿಲ್ಲ. ಆದರೂ ಕೈ ನನ್ನನ್ನು ಕೇಳದೆ ಹೋಗಿ ಎಡಿ ತೆಗೆಯಿತು. ಬುಟ್ಟಿಯನ್ನು ಹುಡುಗರ ಮುಂದಿಟ್ಟು, “ತಗೋರಿ, ಕ್ಯೂಬು ತುಂಬ್ರಿ” ಅಂದೆ. ಬಿಸಿಲು ಏರಿತ್ತು. ಮೂರನೆಯ ಕಾಲಮ್ಮಿನ ಹೊತ್ತಿಗೆ ಮಾಲು ಬಿಗಿಯಾಗಿ, ಬುಟ್ಟಿ ಹೊರುವ ಹೆಂಗಸರು ಗೊಣಗಿದರು. ಒಂದು ಕೊಡ ನೀರು ಸುರಿದೆ. ಬಹುಶಃ ಎರಡು.

ಸಂಶಿಯ ಹುಡುಗಿ ಬಂದು ನನ್ನ ಬಾಜೂ ನಿಂತಳು. “ಅಜ್ಜಾರ, ಕ್ಯೂಬಿನ ಮಾಲು ಬ್ಯಾರೆ ಮಾಡೀರಿ. ಅದಕ್ಕ ಸಿಮೆಂಟು ಹೆಚ್ಚಿಗಿ ಹಾಕಿದ್ದು ನೋಡೀನ್ರಿ.”

“ಇಲ್ಲ ತಂಗಿ, ಒಂದ ಮಾಲು.”

ಆಕೆ ನೇರ ಮೇಡಂ ಹತ್ತಿರ ಹೋದಳು. ಮೇಡಂ ನನ್ನನ್ನು ಶಾಲೆಯ ಮೂಲೆಗೆ ಕರೆದರು.

“ಇದು ನಮ್ಮ ಮೂರರಾಗ ಇಲ್ಲಲ್ರಿ ಅಜ್ಜಾರ?”

“ಇಲ್ಲರಿ.”

“ಮತ್ತ ನೀವಾಗೆ ಏನರೆ ಮಾಡೀರೇನು?”

“ಇಲ್ಲರಿ.”

ಮೊದಲನೆಯ ‘ಇಲ್ಲರಿ’ ಖರೆ. ಎರಡನೆಯದು ಅದರ ಬೆನ್ನಿಗೆ ಅಂಟಿಕೊಂಡೇ ಬಂತು. ಏಕೆ ಹಾಗೆ ಹೇಳಿದೆ ಎಂದು ಬಹಳ ಯೋಚಿಸಿದ್ದೇನೆ. ಮೂರು ತಪ್ಪನ್ನು ಮೊದಲೇ ಮಾತಾಡಿಕೊಂಡು, ಪಗಾರ ತೆಗೆದುಕೊಂಡು ಮಾಡಿದ್ದರಿಂದ ನನಗೆ ನಾನು ತಪ್ಪು ಮಾಡುವ ಮನುಷ್ಯನೇ ಅಲ್ಲ, ತಪ್ಪಿನ ಪಾತ್ರ ಹಾಕುವವನು ಎಂಬ ಭ್ರಮೆ ಬಂದಿತ್ತು. ಅವತ್ತೇ ಮುಂಜಾನೆ ಶಾಲೆಯ ಹೆಡ್ ಮಾಸ್ತರರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನನಗೆ ನಮಸ್ಕಾರ ಹೇಳಿಸಿದ್ದರು. ಆ ಮಕ್ಕಳೆದುರು ಎಡಿಯ ಕಥೆ ಹೇಗೆ ಹೇಳುವುದು?

ಲ್ಯಾಬಿನ ಫಲಿತಾಂಶ ಬರುವವರೆಗೆ ಮೇಲಿನ ಕೆಲಸ ಬೇಡವೆಂದು ಮೇಡಂ ನಿಲ್ಲಿಸಿದರು. ಫಲಿತಾಂಶ ಬಂತು. ಇಪ್ಪತ್ತರ ತೂಕ ತಡೆಯಬೇಕಾದ ಕ್ಯೂಬು ನಲವತ್ತರ ಹತ್ತಿರ ಹೋಗಿತ್ತು. ನನ್ನ ಎಡಿ ಯಾವತ್ತೂ ಸೋತಿಲ್ಲ.

ಶಾಲೆಯ ದೊಡ್ಡ ಕೋಣೆಯಲ್ಲಿ ಮೇಡಂ ಎಲ್ಲ ಬಯಲು ಮಾಡಿದರು. ಮೂರು ತಪ್ಪು ತಾವೇ ಮಾಡಿಸಿದ್ದು ಅಂದಾಗ ಹುಡುಗರು ನನ್ನನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ನೆಲ ಮನಸ್ಸು ಬದಲಿಸೇತಿ ಅಂದ್ರಲ್ರಿ” ಎಂದು ನಕಾಶೆಯ ಹುಡುಗ ಕಣ್ಣೊರೆಸಿಕೊಂಡ. ನನಗೆ ಶಾಲು ಹೊದಿಸಿದರು. ಆಮೇಲೆ ಮೇಡಂ ನಾಲ್ಕನೆಯದಕ್ಕೆ ಬಂದರು. ಕ್ಯೂಬಿನ ಮಾತು ಸುಳ್ಳಾಯಿತು, ಲ್ಯಾಬೇ ಹೇಳಿದೆ, ಸಂಶಯ ಒಮ್ಮೆ ಎಚ್ಚರಾದರೆ ಇಲ್ಲದ್ದೂ ಕಾಣುತ್ತದೆ, ಇದೂ ನಾವು ಕಲಿಯಬೇಕಾದ ಪಾಠ ಎಂದು ಮೆದುವಾಗಿಯೇ ಹೇಳಿದರು.

ಹುಡುಗಿ ಎದ್ದು ನಿಂತಳು. “ಮೇಡಂ, ಇಷ್ಟು ಬರಬಾರದ್ರಿ. ಇಪ್ಪತ್ತರ ಮಾಲು ನಲವತ್ತು ಹೆಂಗ ಬರತೈತಿ?”

ಮೊಬೈಲಿನ ಹುಡುಗ ತಿರುಗಿ, “ಮಾರ್ಕ್ಸ್ ಹೆಚ್ಚಿಗಿ ಬಂತಂತ ಯಾರರೆ ರೀವ್ಯಾಲ್ಯುಯೇಶನ್ ಹಾಕ್ತಾರೇನಬೇ?” ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಶಾಲು ಹೊದ್ದುಕೊಂಡು, ಎಲ್ಲರಿಗಿಂತ ತುಸು ಜೋರಾಗಿ. ಆಕೆ ಕುಳಿತಳು. ಅವತ್ತಿನಿಂದ ಅವಳನ್ನು ಉಳಿದ ಹುಡುಗರು ‘ನಾಲ್ಕನೇ ತಪ್ಪು’ ಎಂದು ಕರೆಯತೊಡಗಿದರು. ಬೇರೆ ಕಾಲೇಜಿನ ಒಂದು ಸಭೆಯಲ್ಲಿ ಈ ಪಾಠದ ಬಗ್ಗೆ ಮಾತಾಡಲು ವಿದ್ಯಾರ್ಥಿಯೊಬ್ಬ ಬೇಕಿತ್ತು. ಆಕೆಯೇ ಹೋಗುತ್ತಾಳೆಂದು ಎಲ್ಲರೂ ತಿಳಿದಿದ್ದರು. ಹೋದವನು ಮೊಬೈಲಿನ ಹುಡುಗ. ಅವನ ಹತ್ತಿರ ಫೋಟೋಗಳಿದ್ದವು.

ಮೇಲಿನ ಸ್ಲ್ಯಾಬು ಹಾಕುವ ದಿನ ಬಂತು. ಮಿಕ್ಸರು ಬಾಡಿಗೆಗೆ ಬಂದಿತ್ತು, ಮುಂಜಾನೆಯ ಚಹಾ ಆಗಿತ್ತು. ಹೆಂಗಸರಿಬ್ಬರು ಹಲಗೆಯ ಮೇಲೆ ಹತ್ತಿ ನಿಂತಿದ್ದರು. ನಾನು ಒಮ್ಮೆ ಕೆಳಗೆ ಬಗ್ಗಿ ನೋಡಿದೆ. ಹಲಗೆಗೆ ಆಸರೆ ಕೊಟ್ಟ ಬಲ್ಲಿ ಕಂಬಗಳಲ್ಲಿ ಮೂಲೆಯದರ ಕೆಳಗೆ ಮರದ ಪಟ್ಟಿ ಇಟ್ಟಿರಲಿಲ್ಲ. ಹಿಂದಿನ ದಿನ ಟ್ಯಾಂಕರಿನ ನೀರು ಚೆಲ್ಲಿ ಎರಿ ಮಣ್ಣು ರಾಡಿಯಾಗಿತ್ತು, ಬಲ್ಲಿಯ ಕಾಲು ಗೇಣುದ್ದ ಇಳಿದಿತ್ತು. ಮೇಲೆ ಮಾಲಿನ ಭಾರ ಬಿದ್ದಿದ್ದರೆ ಹೆಂಗಸರ ಸಮೇತ ಕೆಳಗೆ. ಅವರನ್ನು ಇಳಿಸಿ, ಮಿಕ್ಸರು ನಿಲ್ಲಿಸಿ, ತಲೆ ಎತ್ತಿದರೆ ಸಂಶಿಯ ಹುಡುಗಿ ಅದೇ ಮೂಲೆಯ ಎದುರಿಗೆ ನಿಂತಿದ್ದಾಳೆ.

“ತಂಗಿ, ಇದನ್ನ ನೀ ನೋಡ್ಲಿಲ್ಲೇನು?”

“ಮುಂಜಾನೆನ ನೋಡೀನ್ರಿ.”

“ಮತ್ತ ಹೇಳಬಾರದೇನವಾ?”

“ಖರೇನ ಇಳದೈತೋ, ನಂಗಷ್ಟ ಹಂಗ ಕಾಣತೈತೋ ಗೊತ್ತಾಗ್ಲಿಲ್ಲರಿ ಅಜ್ಜಾರ.”

ಅದರಲ್ಲಿ ಕುಟುಕಿರಲಿಲ್ಲ. ನನ್ನನ್ನು ಚುಚ್ಚಬೇಕೆಂದು ಹೇಳಿದ್ದರೆ ನಾನು ಎದುರುತ್ತರ ಕೊಟ್ಟು ಹಗುರಾಗುತ್ತಿದ್ದೆ. ಆಕೆ ನಿಜಕ್ಕೂ ನನ್ನನ್ನು ಕೇಳುತ್ತಿದ್ದಳು, ಬಲ್ಲಿ ಇಳಿದಿದೆಯೋ ಇಲ್ಲವೋ ಎಂದು.

ಅವತ್ತು ಸ್ಲ್ಯಾಬು ಹಾಕಲಿಲ್ಲ. ಕಾಲಮ್ಮುಗಳ ಮೇಲೂ ನನಗೆ ಈಗ ಭರವಸೆ ಇರಲಿಲ್ಲ. ಲ್ಯಾಬು ನೋಡಿದ್ದು ಎಡಿಯನ್ನು. ಊಟ ಹೇಗಿದೆ ಎಂದು ಯಾರಿಗೂ, ಮಾಡಿದ ನನಗೂ, ಗೊತ್ತಿರಲಿಲ್ಲ. ಆ ಟಾಕಿಯ ಕೆಳಗೆ ಮಕ್ಕಳು ಊಟದ ಹೊತ್ತಿಗೆ ತಾಟು ತೊಳೆಯಲು ಸಾಲು ನಿಲ್ಲುತ್ತಾರೆ. ಮೇಡಂ ಹತ್ತಿರ ಹೋಗಿ, “ಕಾಲಮ್ಮು ಬಡಿದು ನೋಡೂ ಮಷಿನ್ ಇರತೈತಂತಲ್ರಿ, ಹುಡುಗರಿಗೆ ತೋರಿಸ್ರಿ” ಅಂದೆ. ಅದರೊಳಗೆ ಸ್ಪ್ರಿಂಗು ಇರುತ್ತದೆ, ಕಾಲಮ್ಮಿಗೆ ಒತ್ತಿದರೆ ಪುಟಿದು ಅಂಕೆ ತೋರಿಸುತ್ತದೆ. ಮರುವಾರ ತಂದರು. ಮೂರು ಕಾಲಮ್ಮು ಸರಿ. ನೀರು ಸುರಿದ ಮೂರನೆಯದು ಎಲ್ಲಿ ಒತ್ತಿದರೂ ಕಡಿಮೆ. ಮಷಿನ್ ತಂದ ಸರ್, “ಸಂಶಯ ಐತಿ, ಇನ್ನೊಂದು ಪರೀಕ್ಷೆ ಮಾಡೂಣು” ಅಂದರು.

“ಬ್ಯಾಡ್ರಿ, ಒಡೀತೀನಿ” ಅಂದೆ.

“ನಿಮ್ಮ ಖರ್ಚಿನ್ಯಾಗ?”

“ಹೌದ್ರಿ.”

ಒಡೆದೆ. ಒಳ್ಳೆಯ ಕಾಲಮ್ಮು ಸುತ್ತಿಗೆಗೆ ಬೆಂಕಿ ಕಾರುತ್ತದೆ, ಇದು ಬೆಲ್ಲದಂತೆ ಉದುರಿತು. ಏಕೆ ಹೀಗಾಯಿತು ಎಂದು ಎಲ್ಲರೂ ಕೇಳಿದರು. “ಮಾಲು ಸರಿ ಕೂತಿಲ್ಲ, ಒಳಗ ಪೊಳ್ಳಾಗೇತಿ” ಎಂದು ಇನ್ನೊಂದು ಸುಳ್ಳು ಹೇಳಿದೆ. ತನ್ನ ಕೈಯಿಂದ ಖರ್ಚು ಮಾಡಿ ತನ್ನ ಕೆಲಸ ತಾನೇ ಒಡೆದ ಗೌಂಡಿ ಎಂದು ಹೆಡ್ ಮಾಸ್ತರರು ಎರಡನೆಯ ಶಾಲಿನ ಮಾತೆತ್ತಿದರು. ಸಂಶಿಯ ಹುಡುಗಿ ಉದುರಿದ ಒಂದು ತುಣುಕನ್ನು ಎತ್ತಿಕೊಂಡು, ಬೆರಳಲ್ಲಿ ಪುಡಿಮಾಡಿ ನೋಡಿ, ಕೆಳಗೆ ಹಾಕಿದಳು.

ಆ ಕಾಲಮ್ಮನ್ನು ಹೊಸದಾಗಿ ಹಾಕಿದೆ. ಎರಡನೆಯ ಶಾಲು ಬರುವ ಮೊದಲು ನಾನು ಬಸ್ಸು ಹತ್ತಿ ಕಾಲೇಜಿಗೆ ಹೋದೆ. ನನ್ನನ್ನು ಕಂಡದ್ದೇ ಮೇಡಂ, “ಅಜ್ಜಾರ, ಬಿಲ್ಲು ಇನ್ನೂ ಪಾಸಾಗಿಲ್ಲರಿ” ಅಂದರು.

“ಬಿಲ್ಲಿಗೆ ಬಂದಿಲ್ಲರಿ. ಎಡಿ ಬಗ್ಗೆ ಹೇಳಾಕ ಬಂದೀನಿ.”

ಮೊದಲು ಅವರು ಯಾವುದೋ ಪೂಜೆ ಎಂದು ತಿಳಿದರು. ಪೂರ್ತಿ ಹೇಳಿದ ಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹೊರಗೆ ಯಾರೋ ಗಂಟೆ ಬಾರಿಸಿದರು, ಒಂದು ತರಗತಿ ಬಿಟ್ಟು ಇನ್ನೊಂದು ತುಂಬಿತು.

“ಆಕಿ ನನಗ ಮೂರು ಸಲ ಹೇಳಿದಳ್ರಿ” ಅಂದರು. “ನೀವು ಒಂದ ಸಲ ಇಲ್ಲ ಅಂದ್ರಿ. ನಾ ನಿಮ್ಮ ಮಾತು ನಂಬಿದೆ. ಯಾಕ್ರಿ? ಹಿರೇರು ಅಂತ. ಹಿರೇರಿಗೆ ಅಂಜೂದರ ಮ್ಯಾಲೆನ ನಾ ಇಡೀ ಸಂಶೋಧನಾ ಪೇಪರ್ ಬರದೀನಿ, ಅದರಾಗ ಅಂಜಿದವ್ರ ಪೈಕಿ ನನ್ನ ಹೆಸರು ಹಾಕಿಲ್ಲ, ಅಷ್ಟ.”

“ಪೇಪರ್ ಕಳಿಸಿದ್ರೇನ್ರಿ?”

“ಕಳಿಸಿ ಆತು. ವಾಪಸ್ ತರಸ್ತೀನಿ.”

ತರಿಸಿದರು. ಆ ಭಾಗವನ್ನು ತಿದ್ದಿ, ತಮ್ಮ ತಪ್ಪನ್ನೂ ಸೇರಿಸಿ ಬರೆದರಂತೆ. ಇಡೀ ತರಗತಿಯ ಎದುರು ಹುಡುಗಿಯ ಮಾತೇ ಖರೆ ಎಂದು ಹೇಳಿ, ಕ್ಷಮೆ ಕೇಳಿದರಂತೆ. ಅವತ್ತು ನಾನೂ ಬರಬೇಕೆಂದು ಫೋನು ಮಾಡಿದ್ದರು. ಮೊಣಕಾಲು ನೋವು ಅಂದೆ. ಅದೇ ದಿನ ಮೊಣಕಾಲು ನೋವಿನವನು ಶಾಲೆಯ ಅಟ್ಟಣಿಗೆಯ ಮೇಲೆ ಹತ್ತಿ ಸ್ಲ್ಯಾಬಿಗೆ ನೀರು ಹೊಡೆಯುತ್ತಿದ್ದೆ.

ಮರುವರ್ಷ ಹೊಸ ತಂಡಕ್ಕೆ ಎಡಿಯ ಕಥೆ ಹೇಳಲು ಮೇಡಂ ಕರೆದರು. ಸಂಶಿಯ ಹುಡುಗಿ ಅಷ್ಟರಲ್ಲಿ ಓದು ಮುಗಿಸಿ ಹೋಗಿದ್ದಳು, ಆದ್ದರಿಂದ ಮೊಣಕಾಲು ನೋಯಲಿಲ್ಲ. ಹೋಗಿ ಹೇಳಿದೆ. ಹುಡುಗರು ನಕ್ಕು ನಕ್ಕು ಬೆಂಚು ಬಡಿದರು. ಆಮೇಲೆ ಪ್ರತಿ ವರ್ಷ ಹೋಗುತ್ತೇನೆ, ಬೇರೆ ಕಾಲೇಜಿನವರೂ ಕರೆಯುತ್ತಾರೆ. ಎಲ್ಲಿ ನಗು ಬರುತ್ತದೆ, ಎಲ್ಲಿ ಸುಮ್ಮನಾಗುತ್ತಾರೆ ಎಂದು ಈಗ ನನಗೆ ಬಾಯಿಪಾಠ. ನನ್ನ ತಪ್ಪನ್ನು ನಾನು ಎಷ್ಟು ಮಂದಿಗೆ ಒಪ್ಪಿಸಿದ್ದೇನೋ ಲೆಕ್ಕವಿಲ್ಲ, ಪ್ರತಿ ಸಲ ಚಪ್ಪಾಳೆ ಬಿದ್ದಿದೆ. “ಕಪಾಟಿನ್ಯಾಗ ಶಾಲು ಹಿಡಿಯೂದಿಲ್ಲ, ಇನ್ನೊಂದೆರಡು ತಪ್ಪು ಮಾಡಿದ್ರ ಕಪಾಟೂ ಕೊಡ್ತಾರೇನ್ ಕೇಳ್ರಿ” ಎನ್ನುತ್ತಾಳೆ ಹೆಂಡತಿ. ಆ ಹುಡುಗಿಯ ಫೋನ್ ನಂಬರನ್ನು ಮೇಡಂ ನಾನು ತಪ್ಪೊಪ್ಪಿಕೊಂಡ ದಿನವೇ ಕೊಟ್ಟಿದ್ದರು. ನನ್ನ ಹತ್ತಿರ ಇದೆ.

ಹೋದ ಬೇಸಿಗೆಯಲ್ಲಿ ನವಲಗುಂದಕ್ಕೆ ಹೋಗಿದ್ದೆ. ಬಸ್ಸಿಗೆ ಕಾಯುತ್ತಿರುವಾಗ ರಸ್ತೆಯ ಆಚೆ ಗಟಾರದ ಕೆಲಸ ನಡೆದಿತ್ತು. ಮಿಕ್ಸರಿನ ಹತ್ತಿರ ತಲೆಗೆ ಹಳದಿ ಟೊಪ್ಪಿಗೆ ಹಾಕಿಕೊಂಡು ಆ ಹುಡುಗಿಯೇ ನಿಂತಿದ್ದಳು. ನಾನು ಕಬ್ಬಿನ ಹಾಲಿನ ಗಾಡಿಯ ಹಿಂದೆ ಸರಿದೆ. ಸುಮ್ಮನೆ ನಿಂತರೆ ಗಾಡಿಯವನು ಓಡಿಸುತ್ತಾನೆಂದು ಒಂದು ಗ್ಲಾಸು ಕುಡಿದೆ. ಆಮೇಲೆ ಇನ್ನೊಂದು. ಮಿಕ್ಸರು ನಿಂತಿತ್ತು, ಅಲ್ಲಿಯ ಮಾತು ಈಚೆಗೂ ಕೇಳುತ್ತಿತ್ತು.

“ಕಾಕಾ, ನೀರು ಎಷ್ಟು ಕೊಡ ಹಾಕಿದ್ರಿ?” ಎಂದು ಆಕೆ ಅಲ್ಲಿಯ ಗೌಂಡಿಯನ್ನು ಕೇಳಿದಳು. ನನ್ನಷ್ಟೇ ವಯಸ್ಸಿನವನು.

“ಒಂದ ರೀ.”

“ವಿಚಾರ ಮಾಡಿ ಹೇಳ್ರಿ. ನನಗೇನೂ ಅವಸರ ಇಲ್ಲ.”

ದನಿ ಏರಿಸಲಿಲ್ಲ, ಅಲ್ಲಿಂದ ಕದಲಲೂ ಇಲ್ಲ. ಅವನು ತಂಬಾಕು ಉಗುಳಿ, ಕಿವಿ ಕೆರೆದುಕೊಂಡು, “ಎರಡು ಹಾಕೀನ್ರಿ. ತಪ್ಪಾತ್ರಿ ಮೇಡಂ” ಅಂದ.

“ಆತು. ಆ ಮಾಲು ಬಾಜೂ ಸುರುವ್ರಿ, ಹೊಸಾದು ಕಲಸೂಣು.”

ಅಷ್ಟೇ. ಅವನು ಮಾಲು ಸುರಿಸಿ, ಏನೂ ಆಗಿಲ್ಲವೆಂಬಂತೆ ಸಿಮೆಂಟಿನ ಚೀಲದ ಬಾಯಿ ಬಿಚ್ಚತೊಡಗಿದ. ಆ ಮಾತು ಅಷ್ಟು ಸಲೀಸಾಗಿ ಒಬ್ಬ ಗೌಂಡಿಯ ಬಾಯಿಂದ ಬರಬಹುದು ಎಂದು ನಾನು ಎಣಿಸಿರಲಿಲ್ಲ. ರಸ್ತೆ ದಾಟಿದರೆ ಹತ್ತು ಮಾರು. ನಮ್ಮ ಬಸ್ಸು ಬಂತು. ಆಕೆಗೆ ಕಾಣದ ಬದಿಯ ಸೀಟು ಹುಡುಕಿ ಕುಳಿತೆ.

ತರಗತಿಗಳಲ್ಲಿ ನಾನು ‘ಒಬ್ಬ ವಿದ್ಯಾರ್ಥಿನಿ’ ಅನ್ನುತ್ತೇನೆ, ಇಲ್ಲಿಯೂ ‘ಹುಡುಗಿ’ ಎಂದೇ ಬರೆಯುತ್ತ ಬಂದೆ. ಊರವರೆದುರು, ಕಾಲೇಜಿನವರೆದುರು ಹೇಳಿದ್ದೆಲ್ಲ ಹೇಳಿದ್ದಾಗಿದೆ. ನಾನು ‘ತಪ್ಪಾತು’ ಅನ್ನದೆ ಉಳಿದದ್ದು ಒಬ್ಬಳಿಗೆ. ಅವಳ ಹೆಸರು ದಾಕ್ಷಾಯಣಿ.